ಅಪ್‌ಡೇಟ್ ಎಂಬ ಹೆಸರಿನ ಬಲೆ: ಕನ್ನಡ ಶಾಲೆಯ ಮನೆಗಳು ತಿಳಿದಿರಬೇಕಾದ ಸಂಗತಿಗಳು

ಪರೀಕ್ಷೆ ಹತ್ತಿರ ಬಂದಿರುವ ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ತಂದೆ ಮನೆಗೆ ಬಂದಿದ್ದಾರೆ. ಮನೆಯ ಒಂದೇ ಒಂದು ಸ್ಮಾರ್ಟ್‌ಫೋನ್ ಹತ್ತನೆಯ ತರಗತಿಯ ಮಗಳ ಕೈಗೆ ಹೋಗಿದೆ. ಅವಳು ಹುಡುಕುತ್ತಿರುವುದು ವಿಜ್ಞಾನದ ಹಳೆಯ ಪ್ರಶ್ನೆಪತ್ರಿಕೆಯನ್ನು. ಅದು ತಮಿಳುನಾಡು ಪಠ್ಯಕ್ರಮದ್ದಾಗಿರಬೇಕು, ಕನ್ನಡದಲ್ಲಿಯೂ ಇರಬೇಕು. ತಮಿಳು ಮತ್ತು ಇಂಗ್ಲಿಷ್ ಮಾಧ್ಯಮದವರಿಗೆ ಮಾರ್ಗದರ್ಶಿಗಳು ಧಾರಾಳವಾಗಿ ದೊರೆಯುತ್ತವೆ. ಕರ್ನಾಟಕದ ಮಕ್ಕಳಿಗೆಂದು ಕನ್ನಡದಲ್ಲಿ ಸಿದ್ಧವಾದ ಸಾಮಗ್ರಿಯೂ ಹೇರಳವಾಗಿದೆ. ಆದರೆ ಅದರ ಪಠ್ಯಕ್ರಮವೇ ಬೇರೆ. ಎರಡರ ನಡುವೆ ಸಿಲುಕಿದ ನಮ್ಮ ಗಡಿನಾಡಿನ ವಿದ್ಯಾರ್ಥಿಗಳು ಒಂದು ತಾಣದಿಂದ ಮತ್ತೊಂದಕ್ಕೆ ಅಲೆಯುವುದು ಅನಿವಾರ್ಯವಾಗಿದೆ.

ಹಾಗೆ ಅಲೆಯುವಾಗ, ಜಾಹೀರಾತುಗಳಿಂದ ತುಂಬಿದ ಯಾವುದೋ ಪುಟದಲ್ಲಿ ಒಂದು ಚೌಕ ತೆರೆದುಕೊಳ್ಳುತ್ತದೆ. ‘ನಿಮ್ಮ ಬ್ರೌಸರ್ ಹಳೆಯದಾಗಿದೆ. ಕಡತವನ್ನು ನೋಡಲು ಈಗಲೇ ಅಪ್‌ಡೇಟ್ ಮಾಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕೆಳಗೆ ದೊಡ್ಡ ಹಸಿರು ಗುಂಡಿ. ಪಕ್ಕದಲ್ಲಿ ಎಲ್ಲರಿಗೂ ಪರಿಚಿತವಾದ ಕಂಪನಿಯ ಚಿಹ್ನೆ. ಅಪ್‌ಡೇಟ್ ಮಾಡುವುದು ಒಳ್ಳೆಯದೆಂದು ಶಾಲೆಯಲ್ಲಿಯೂ ಕೇಳಿರುವ ಹುಡುಗಿ ಜವಾಬ್ದಾರಿಯಿಂದಲೇ ಅದನ್ನು ಒತ್ತುತ್ತಾಳೆ. ಅದೇ ಫೋನಿನಲ್ಲಿ ತಂದೆಯ ಸಂಬಳದ ಖಾತೆ ಇದೆ, ಯುಪಿಐ ಇದೆ, ತಾಯಿಯ ಸ್ವಸಹಾಯ ಸಂಘದ ಲೆಕ್ಕದ ಸಂದೇಶಗಳಿವೆ. ಮಗುವಿನ ಪಾಠ ಮತ್ತು ಮನೆಯ ಹಣ ಒಂದೇ ಸಾಧನದಲ್ಲಿ ಇರುವುದರಿಂದ, ಮಗುವಿನ ಒಂದು ಸ್ಪರ್ಶ ಮನೆಯ ತಿಂಗಳ ಗಳಿಕೆಯನ್ನೇ ಅಪಾಯಕ್ಕೆ ಒಡ್ಡಬಲ್ಲದು. ಈ ಬಲೆಯನ್ನು ಗುರುತಿಸುವುದು ಹೇಗೆ, ಅದರಿಂದ ತಪ್ಪಿಸಿಕೊಳ್ಳುವುದು ಹೇಗೆ, ಸಿಲುಕಿದರೆ ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಿಜವಾದ ಅಪ್‌ಡೇಟ್ ಏಕೆ ಬೇಕು?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಪ್‌ಡೇಟ್ ಅಥವಾ ನವೀಕರಣವೆಂಬುದು ಕೆಟ್ಟದ್ದಲ್ಲ. ತಂತ್ರಾಂಶದಲ್ಲಿ ಕಂಡುಬಂದ ಬಿರುಕುಗಳನ್ನು ಅದನ್ನು ತಯಾರಿಸಿದವರೇ ಮುಚ್ಚಿ ಕಳುಹಿಸುವ ತೇಪೆ ಅದು. 2017ರ ಮೇ 12ರಂದು ಆರಂಭವಾದ ವನ್ನಾಕ್ರೈ ದಾಳಿ ಸುಮಾರು 150 ದೇಶಗಳ ಕಂಪ್ಯೂಟರುಗಳನ್ನು ತಟ್ಟಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆ ದಾಳಿ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಅಂದರೆ ಅದೇ ವರ್ಷದ ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಳ್ಳದೇ ಇದ್ದವರು ತೊಂದರೆಗೊಳಗಾದರು.

ವಂಚಕರು ಬಳಸಿಕೊಳ್ಳುವುದು ಈ ತಿಳಿವಳಿಕೆಯನ್ನೇ. ಲಾಟರಿ ಬಂದಿದೆ ಎಂದರೆ ಇಂದು ಅನೇಕರು ನಂಬುವುದಿಲ್ಲ. ಆದರೆ ‘ನಿಮ್ಮ ರಕ್ಷಣೆಗಾಗಿ ಅಪ್‌ಡೇಟ್ ಮಾಡಿ’ ಎಂದರೆ ಎಚ್ಚರವಿರುವವರೂ ನಂಬುತ್ತಾರೆ. ಆದುದರಿಂದ ನಕಲಿಗೆ ಹೆದರಿ ಅಸಲಿಯನ್ನೂ ನಿಲ್ಲಿಸುವುದು ಪರಿಹಾರವಲ್ಲ. ಅಸಲಿ ಎಲ್ಲಿಂದ ಬರುತ್ತದೆ, ನಕಲಿ ಎಲ್ಲಿಂದ ಬರುತ್ತದೆ ಎಂಬ ವ್ಯತ್ಯಾಸವನ್ನು ತಿಳಿಯುವುದೇ ಪರಿಹಾರ.

ಒಳಗಿನ ದನಿ, ಹೊರಗಿನ ದನಿ

ಫೋನಿನಲ್ಲಿ ನಾವು ಕಾಣುವ ಸೂಚನೆಗಳು ಎರಡು ಬಗೆಯವು. ಒಂದು, ಫೋನಿನ ಒಳಗಿನ ವ್ಯವಸ್ಥೆಯೇ ಕೊಡುವಂಥದು. ಇನ್ನೊಂದು, ಬ್ರೌಸರಿನಲ್ಲಿ ತೆರೆದ ಪುಟ ಬಿಡಿಸಿ ತೋರಿಸುವಂಥದು. ಎರಡನೆಯದು ಬರಿಯ ಚಿತ್ರ. ರಂಗದ ಮೇಲೆ ಪೊಲೀಸನ ವೇಷ ಹಾಕಿದವನು ಪೊಲೀಸನಲ್ಲದಿರುವಂತೆ, ಪುಟದಲ್ಲಿ ಕಂಪನಿಯ ಚಿಹ್ನೆ ಹಾಕಿಕೊಂಡ ಚೌಕವು ಆ ಕಂಪನಿಯ ಸೂಚನೆಯಲ್ಲ. ಅಸಲಿಯ ಬಣ್ಣ, ಅಕ್ಷರ, ಗುಂಡಿ, ಶೇಕಡಾ ಲೆಕ್ಕ ತೋರಿಸುತ್ತ ಮುನ್ನಡೆಯುವ ಪಟ್ಟಿ ಎಲ್ಲವನ್ನೂ ಪುಟದಲ್ಲಿ ಬಿಡಿಸಬಹುದು.

‘ಆದರೆ ಅದು ನನ್ನ ಫೋನಿನ ಕಂಪನಿಯ ಹೆಸರನ್ನೇ ಹೇಳಿತಲ್ಲ?’ ಎಂದು ಹಲವರು ಕೇಳುತ್ತಾರೆ. ಇದರಲ್ಲಿ ಪವಾಡವೇನೂ ಇಲ್ಲ. ನಾವು ಯಾವುದೇ ಪುಟವನ್ನು ತೆರೆದಾಗ ಯಾವ ಬ್ರೌಸರ್, ಅದರ ಯಾವ ಆವೃತ್ತಿ, ಯಾವ ಬಗೆಯ ಸಾಧನ ಎಂಬ ವಿವರಗಳನ್ನು ನಮ್ಮ ಬ್ರೌಸರೇ ಆ ಪುಟಕ್ಕೆ ತಿಳಿಸುತ್ತದೆ. ಎಷ್ಟೋ ಸಲ ಫೋನಿನ ಮಾದರಿಯೂ ಊರಿನ ಅಂದಾಜೂ ಪುಟಕ್ಕೆ ಗೊತ್ತಾಗುತ್ತವೆ. ಪರದೆಯ ಅಳತೆಗೆ ತಕ್ಕಂತೆ ಪುಟವನ್ನು ಹೊಂದಿಸಲು ಇಂತಹ ವಿವರ ಬೇಕಾಗುತ್ತದೆ. ವಂಚಕನ ಪುಟ ಅದನ್ನೇ ಎತ್ತಿಕೊಂಡು ನಮಗೆ ಓದಿ ಹೇಳುತ್ತದೆ. ಆದರೆ ನಮ್ಮ ಫೋನಿನೊಳಗೆ ವೈರಸ್ ಇದೆಯೇ, ಎಷ್ಟು ಕಡತಗಳು ಹಾಳಾಗಿವೆ ಎಂಬುದನ್ನು ಯಾವ ಜಾಲಪುಟವೂ ಒಳಹೊಕ್ಕು ನೋಡಲಾರದು. ಆದುದರಿಂದ ‘ನಿಮ್ಮ ಫೋನಿನಲ್ಲಿ ವೈರಸ್‌ಗಳು ಪತ್ತೆಯಾಗಿವೆ’ ಎಂದು ಹೇಳುವ ಪುಟ, ಸಂಖ್ಯೆ ಎಷ್ಟೇ ಇರಲಿ, ಸುಳ್ಳು ಹೇಳುತ್ತಿದೆ.

ಈ ಲೇಖನದಿಂದ ಒಂದೇ ಒಂದು ಸೂತ್ರವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದು: ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕಿದಾಗ ಸಿಗುವ ಅಪ್‌ಡೇಟ್ ನಂಬತಕ್ಕದ್ದು, ಪುಟ ಓದುತ್ತಿರುವಾಗ ನಮ್ಮನ್ನು ಹುಡುಕಿಕೊಂಡು ಬರುವ ಅಪ್‌ಡೇಟ್ ನಂಬತಕ್ಕದ್ದಲ್ಲ.

ನಡೆದುಹೋದ ಕೆಲವು ಪ್ರಸಂಗಗಳು

ಇದು ಕಾಲ್ಪನಿಕ ಭಯವಲ್ಲ. 2017ರ ಅಕ್ಟೋಬರ್ 24ರಂದು ರಷ್ಯಾ ಮತ್ತು ಉಕ್ರೇನ್‌ಗಳಲ್ಲಿ ಬ್ಯಾಡ್ ರ‍್ಯಾಬಿಟ್ ಎಂಬ ದಾಳಿ ಹರಡಿತು. ಜನರು ದಿನವೂ ಓದುತ್ತಿದ್ದ ಸುದ್ದಿತಾಣಗಳೊಳಗೆ ವಂಚಕರು ನುಸುಳಿ, ‘ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ’ ಎಂಬ ಚೌಕವನ್ನು ಅಲ್ಲಿ ಇರಿಸಿದ್ದರು. ಅದನ್ನು ಒತ್ತಿ ಸ್ಥಾಪಿಸಿದವರ ಕಡತಗಳಿಗೆ ಬೀಗ ಬಿತ್ತು. ಉಕ್ರೇನಿನ ಒಡೆಸ್ಸಾ ವಿಮಾನ ನಿಲ್ದಾಣ ಮತ್ತು ಕೀವ್ ಮೆಟ್ರೊ ಕೂಡ ಬಾಧೆಗೊಳಗಾದವು. ತಾಣ ನಂಬಿಕಸ್ಥವಾಗಿದ್ದರೂ ಅದರಲ್ಲಿ ಏಳುವ ಚೌಕ ನಂಬಿಕಸ್ಥವಾಗಿರಬೇಕಿಲ್ಲ ಎಂಬುದು ಇದರ ಪಾಠ. ನೀವು ಈಗ ಓದುತ್ತಿರುವ ಪುಟದಲ್ಲಿಯೇ ಅಂತಹ ಚೌಕ ಕಂಡರೂ ಒತ್ತಬಾರದು.

ಫ್ಲ್ಯಾಶ್ ಪ್ಲೇಯರಿನ ವಿಷಯದಲ್ಲಿ ನಿರ್ಣಯ ಇನ್ನೂ ಸುಲಭ. ಅಡೋಬಿ ಕಂಪನಿ ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿದೆ. ಸತ್ತುಹೋದ ತಂತ್ರಾಂಶಕ್ಕೆ ಅಪ್‌ಡೇಟ್ ಇರುವುದಿಲ್ಲ. ಇಂದು ಯಾವುದೇ ತಾಣ ‘ಫ್ಲ್ಯಾಶ್ ಅಪ್‌ಡೇಟ್’ ಕೇಳಿದರೆ ಎರಡನೆಯ ಯೋಚನೆಯೇ ಬೇಡ, ಅದು ವಂಚನೆ.

ನಮ್ಮ ದೇಶದಲ್ಲಿ 2021ರಲ್ಲಿ ಕಾಣಿಸಿಕೊಂಡು 2023ರಲ್ಲಿ ಮತ್ತೆ ಹರಡಿದ ‘ಗುಲಾಬಿ ವಾಟ್ಸ್ಆ್ಯಪ್’ ಹಲವರಿಗೆ ನೆನಪಿರಬಹುದು. ವಾಟ್ಸ್ಆ್ಯಪ್‌ನ ಹೊಸ ಆವೃತ್ತಿ ಬಂದಿದೆ, ಗುಲಾಬಿ ಬಣ್ಣದಲ್ಲಿದೆ, ಈ ಕೊಂಡಿಯನ್ನು ಒತ್ತಿ ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಸಂದೇಶ ಗುಂಪಿನಿಂದ ಗುಂಪಿಗೆ ಹಾರಿತು. ಮುಂಬಯಿ ಪೊಲೀಸರು ಸಾರ್ವಜನಿಕ ಎಚ್ಚರಿಕೆ ಹೊರಡಿಸಬೇಕಾಯಿತು. ಸೋಂಕು ತಗುಲಿದ ಫೋನ್ ತಾನಾಗಿಯೇ ಪರಿಚಿತರಿಗೆ ಅದೇ ಕೊಂಡಿಯನ್ನು ಕಳುಹಿಸುತ್ತಿತ್ತು ಎಂಬುದೇ ಅದರ ಅಪಾಯ. ಶಾಲೆಯ ಪೋಷಕರ ಗುಂಪಿನಲ್ಲಿ ಒಬ್ಬರ ಫೋನ್ ಹೀಗಾದರೆ, ಉಳಿದವರು ‘ನಮ್ಮವರೇ ಕಳುಹಿಸಿದ್ದು’ ಎಂದು ನಂಬಿ ಒತ್ತುತ್ತಾರೆ. ಕಳುಹಿಸಿದವರು ಪರಿಚಿತರು ಎಂಬುದು ಕೊಂಡಿಗೆ ಪ್ರಮಾಣಪತ್ರವಲ್ಲ.

2019ರಲ್ಲಿ ‘ಸ್ಯಾಮ್ಸಂಗ್‌ಗೆ ಅಪ್‌ಡೇಟ್’ ಎಂಬ ಅರ್ಥದ ಹೆಸರಿನ ಆ್ಯಪ್ ಒಂದು ಗೂಗಲ್ ಪ್ಲೇ ಸ್ಟೋರಿನಲ್ಲಿಯೇ ಇತ್ತು. ಅದಕ್ಕೂ ಸ್ಯಾಮ್ಸಂಗ್ ಕಂಪನಿಗೂ ಸಂಬಂಧವಿರಲಿಲ್ಲ. ಕಂಪನಿ ಉಚಿತವಾಗಿ ಕೊಡುವ ನವೀಕರಣಕ್ಕೆ ಅದು ಹಣ ಕೇಳುತ್ತಿತ್ತು. ಒಂದು ಕೋಟಿಗೂ ಹೆಚ್ಚು ಸಲ ಅದು ಡೌನ್‌ಲೋಡ್ ಆಗಿತ್ತು. ಫೋನಿನ ಮೂಲ ವ್ಯವಸ್ಥೆಯ ಅಪ್‌ಡೇಟ್‌ಗೆ ಪ್ರತ್ಯೇಕ ಆ್ಯಪ್ ಬೇಕಿಲ್ಲ, ಹಣವನ್ನೂ ಕೊಡಬೇಕಿಲ್ಲ ಎಂಬುದು ಇಲ್ಲಿ ಕಲಿಯಬೇಕಾದುದು.

ಚೌಕದೊಳಗೆ ದೂರವಾಣಿ ಸಂಖ್ಯೆ ಇರುವ ವಂಚನೆ ಇನ್ನೊಂದು ಬಗೆಯದು. ‘ಕಂಪ್ಯೂಟರ್ ಕೆಟ್ಟಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಅದು ಹೆದರಿಸುತ್ತದೆ. ಕೇಂದ್ರೀಯ ತನಿಖಾ ದಳವು 2023ರ ಅಕ್ಟೋಬರಿನಲ್ಲಿ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಲ್ಲಿ 76 ಕಡೆ ಶೋಧ ನಡೆಸಿತು; ತಮಿಳುನಾಡು ಮತ್ತು ಕರ್ನಾಟಕಗಳೆರಡೂ ಆ ಪಟ್ಟಿಯಲ್ಲಿದ್ದವು. ಹೆಸರಾಂತ ಕಂಪನಿಗಳ ತಾಂತ್ರಿಕ ನೆರವಿನವರಂತೆ ನಟಿಸಿ ವಿದೇಶೀಯರನ್ನು ವಂಚಿಸುತ್ತಿದ್ದ ಕಾಲ್ ಸೆಂಟರುಗಳು ಅದರಲ್ಲಿ ಸಿಕ್ಕಿಬಿದ್ದವು. ಮೈಕ್ರೋಸಾಫ್ಟ್ ತನ್ನ ದೋಷಸೂಚನೆಗಳಲ್ಲಿ ಎಂದಿಗೂ ದೂರವಾಣಿ ಸಂಖ್ಯೆಯನ್ನು ಹಾಕುವುದಿಲ್ಲ ಎಂದು ಆ ಕಂಪನಿಯೇ ಹೇಳಿದೆ. ಈ ದಂಧೆ ನಡೆಯುವುದು ದೂರದ ಯಾವುದೋ ದೇಶದಲ್ಲಿ ಮಾತ್ರವೆಂದು ನಾವು ಭಾವಿಸಬೇಕಾಗಿಲ್ಲ.

ಗುರುತಿಸುವ ಲಕ್ಷಣಗಳು

ನಕಲಿ ಸೂಚನೆಯಲ್ಲಿ ಸಾಮಾನ್ಯವಾಗಿ ಕಾಣುವ ಗುರುತುಗಳಿವು.

ಮೊದಲನೆಯದು ಅವಸರ. ‘ಎರಡು ನಿಮಿಷದೊಳಗೆ ಅಪ್‌ಡೇಟ್ ಮಾಡದಿದ್ದರೆ ಸಿಮ್ ಹಾಳಾಗುತ್ತದೆ, ಫೋಟೊಗಳು ಅಳಿಸಿಹೋಗುತ್ತವೆ’ ಎಂದು ಗಡಿಯಾರ ಓಡಿಸುವುದು. ಅಸಲಿ ನವೀಕರಣವು ‘ರಾತ್ರಿ ಮಾಡೋಣವೇ, ನಾಳೆ ಮಾಡೋಣವೇ’ ಎಂದು ಕೇಳುತ್ತದೆಯೇ ಹೊರತು ಹೆದರಿಸುವುದಿಲ್ಲ.

ಎರಡನೆಯದು ಕಡತದ ಬಗೆ. ಗುಂಡಿ ಒತ್ತಿದೊಡನೆ ಫೋನಿನಲ್ಲಿ ‘ಎಪಿಕೆ’ ಎಂದು ಕೊನೆಗೊಳ್ಳುವ ಕಡತ, ಕಂಪ್ಯೂಟರಿನಲ್ಲಿ ‘ಇಎಕ್ಸ್ಇ’ ಅಥವಾ ‘ಜಿಪ್’ ಕಡತ ಇಳಿದರೆ ಅದನ್ನು ತೆರೆಯಬಾರದು. ‘ಅಪರಿಚಿತ ಮೂಲದಿಂದ ಸ್ಥಾಪಿಸಲು ಅನುಮತಿ ಕೊಡಿ’ ಎಂದು ಫೋನ್ ಕೇಳಿದರೆ, ಅದು ಫೋನ್ ನಮಗೆ ಕೊಡುತ್ತಿರುವ ಕೊನೆಯ ಎಚ್ಚರಿಕೆ ಎಂದು ತಿಳಿಯಬೇಕು.

ಮೂರನೆಯದು ಅನುಮತಿಗಳ ಬೇಡಿಕೆ. ಅಪ್‌ಡೇಟ್ ಎಂದು ಹೇಳಿಕೊಂಡು ಬಂದ ಆ್ಯಪ್ ಎಸ್ಎಂಎಸ್ ಓದುವ ಅನುಮತಿಯನ್ನೋ ‘ಆಕ್ಸೆಸಿಬಿಲಿಟಿ’ ಎಂಬ ಅನುಮತಿಯನ್ನೋ ಕೇಳಿದರೆ ಅಲ್ಲಿಯೇ ನಿಲ್ಲಿಸಬೇಕು. ಆಕ್ಸೆಸಿಬಿಲಿಟಿ ಎಂಬುದು ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲು, ಬೆರಳಿನಿಂದ ಒತ್ತಲಾರದವರ ಪರವಾಗಿ ಒತ್ತಲು ಮಾಡಿರುವ ಸೌಲಭ್ಯ. ವಂಚಕನ ಕೈಗೆ ಅದು ಸಿಕ್ಕರೆ, ನಮ್ಮ ಪರದೆಯನ್ನು ಅವನೂ ಓದುತ್ತಾನೆ, ನಮ್ಮ ಪರವಾಗಿ ಅವನೂ ಒತ್ತುತ್ತಾನೆ. ಎಸ್ಎಂಎಸ್ ಅನುಮತಿಯೂ ಸಿಕ್ಕರೆ ಬ್ಯಾಂಕಿನ ಒಟಿಪಿ ಅವನಿಗೆ ತಲುಪುತ್ತದೆ. ನಾವು ಯಾರಿಗೂ ಒಟಿಪಿ ಹೇಳದೆಯೇ ಹಣ ಹೋಗುವುದು ಹೀಗೆ.

ನಾಲ್ಕನೆಯದು ‘ಅಲೋ’ ಎಂಬ ಗುಂಡಿ. ‘ಮುಂದುವರಿಯಲು ಅಲೋ ಒತ್ತಿ’ ಎಂದು ಪುಟ ಕೇಳುತ್ತದೆ. ಒತ್ತಿದರೆ, ಆ ತಾಣಕ್ಕೆ ನಮ್ಮ ಫೋನಿಗೆ ಸೂಚನೆ ಕಳುಹಿಸುವ ಹಕ್ಕು ಸಿಗುತ್ತದೆ. ಆ ಬಳಿಕ ಪುಟ ಮುಚ್ಚಿದ್ದರೂ ಪರದೆಯ ಮೇಲ್ಭಾಗದಲ್ಲಿ ‘ವೈರಸ್ ಇದೆ, ಅಪ್‌ಡೇಟ್ ಮಾಡಿ’ ಎಂಬ ಸೂಚನೆಗಳು ದಿನವೂ ಬರತೊಡಗುತ್ತವೆ. ಅವು ಫೋನಿನವೇ ಎಂದು ತೋರುತ್ತವೆ. ಗಮನಿಸಿದರೆ ಚಿಕ್ಕ ಅಕ್ಷರಗಳಲ್ಲಿ ಬ್ರೌಸರಿನ ಮತ್ತು ತಾಣದ ಹೆಸರು ಇರುತ್ತದೆ. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಷನ್ಸ್’ ತೆರೆದು, ಅಪರಿಚಿತ ತಾಣಗಳ ಅನುಮತಿಯನ್ನು ಅಲ್ಲಿಯೇ ತೆಗೆದುಹಾಕಬಹುದು.

ಐದನೆಯದು ಇತ್ತೀಚಿನದು. 2024ರಿಂದೀಚೆಗೆ ಹೆಚ್ಚಾಗಿರುವ ‘ಕ್ಲಿಕ್‌ಫಿಕ್ಸ್’ ಎಂಬ ತಂತ್ರದಲ್ಲಿ ಕಂಪ್ಯೂಟರಿನ ಪುಟ ಹೀಗೆ ಹೇಳುತ್ತದೆ: ‘ದೋಷ ಸರಿಪಡಿಸಲು ವಿಂಡೋಸ್ ಕೀಲಿ ಮತ್ತು ಆರ್ ಕೀಲಿಯನ್ನು ಒಟ್ಟಿಗೆ ಒತ್ತಿ, ಅನಂತರ ಕಂಟ್ರೋಲ್ ಮತ್ತು ವಿ, ಅನಂತರ ಎಂಟರ್.’ ನೋಡುವವರಿಗೆ ಇದು ಪಾಠದಂತೆ ಕಾಣುತ್ತದೆ. ವಾಸ್ತವದಲ್ಲಿ ಪುಟವು ಗುಟ್ಟಾಗಿ ನಕಲು ಮಾಡಿಟ್ಟಿರುವ ಆಜ್ಞೆಯನ್ನು ನಮ್ಮ ಕೈಯಿಂದಲೇ ಕಂಪ್ಯೂಟರಿಗೆ ಕೊಡಿಸುವ ಉಪಾಯ ಇದು. ಯಾವ ಅಸಲಿ ಅಪ್‌ಡೇಟೂ ನಮ್ಮಿಂದ ಏನನ್ನೂ ಅಂಟಿಸಲು ಹೇಳುವುದಿಲ್ಲ.

ನಮ್ಮ ಭಾಷೆಯೇ ಒಂದು ಜರಡಿ

ನಮ್ಮ ಪ್ರದೇಶದ ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. ಹೊಸೂರು, ತಳಿ, ಕೃಷ್ಣಗಿರಿಯ ಕನ್ನಡ ಮನೆಗಳಲ್ಲಿ ಒಳಗೆ ಕನ್ನಡ, ನೆರೆಮನೆಯವರೊಡನೆ ತೆಲುಗು, ಕಚೇರಿಯಲ್ಲಿ ಮತ್ತು ಸಂತೆಯಲ್ಲಿ ತಮಿಳು ಸಹಜವಾಗಿ ನಡೆಯುತ್ತವೆ. ಆದರೆ ಫೋನಿನಲ್ಲಿ ಮಾತ್ರ ಬಹುತೇಕ ಇಂಗ್ಲಿಷ್. ಅಂಗಡಿಯವರು ಕೊಡುವಾಗ ಹೇಗಿತ್ತೋ ಹಾಗೆಯೇ ಉಳಿದಿರುತ್ತದೆ. ಅರ್ಥವಾಗದ ಭಾಷೆಯಲ್ಲಿ ಬರುವ ಎಚ್ಚರಿಕೆಯನ್ನು ಓದಿ ತೂಗಿ ನೋಡಲು ಆಗುವುದಿಲ್ಲ. ಹೆದರಿ ಒತ್ತುವುದು ಮಾತ್ರ ಆಗುತ್ತದೆ.

ಇದಕ್ಕೆ ಕಾಸಿಲ್ಲದ ಉಪಾಯವೊಂದಿದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಮೊದಲ ಭಾಷೆಯನ್ನಾಗಿ ಆರಿಸಬಹುದು. ಆ ಬಳಿಕ ಫೋನಿನ ಸ್ವಂತ ಸೂಚನೆಗಳು ಕನ್ನಡದಲ್ಲಿ ಬರುತ್ತವೆ. ಆಗ ತಂದೆ ತಾಯಿಯರು ಅನುಮತಿಯ ಪ್ರಶ್ನೆಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲರು. ಜೊತೆಗೆ, ಫೋನೆಲ್ಲ ಕನ್ನಡದಲ್ಲಿರುವಾಗ ಒಮ್ಮೆಲೇ ಇಂಗ್ಲಿಷಿನಲ್ಲಿ ‘ಸಿಸ್ಟಂ ಅಪ್‌ಡೇಟ್’ ಎಂದು ಚೌಕವೊಂದು ಎದ್ದರೆ, ಅದು ಹೊರಗಿನಿಂದ ಬಂದದ್ದೆಂಬ ಅನುಮಾನ ತಾನಾಗಿಯೇ ಹುಟ್ಟುತ್ತದೆ.

ಆದರೆ ಈ ಜರಡಿಯನ್ನೇ ಪೂರ್ತಿ ನಂಬುವಂತಿಲ್ಲ. ಬ್ರೌಸರಿನ ಭಾಷೆ ಯಾವುದೆಂಬುದೂ ಪುಟಕ್ಕೆ ತಿಳಿಯುತ್ತದೆ. ಯಂತ್ರಾನುವಾದ ಸುಲಭವಾಗಿರುವ ಈ ದಿನಗಳಲ್ಲಿ ನಕಲಿ ಸೂಚನೆಯೂ ಕನ್ನಡದಲ್ಲಿ, ಅದೂ ತಪ್ಪಿಲ್ಲದ ಕನ್ನಡದಲ್ಲಿ ಬರಬಹುದು. ಕನ್ನಡದಲ್ಲಿದೆ ಎಂಬ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಭಾಷೆ ಮೊದಲ ಜರಡಿ. ಸೆಟ್ಟಿಂಗ್ಸ್‌ಗೆ ಹೋಗಿ ನೋಡುವುದೇ ಕೊನೆಯ ಪರೀಕ್ಷೆ.

ಚೌಕ ಎದ್ದಾಗ ಏನು ಮಾಡಬೇಕು?

ಚೌಕದೊಳಗಿನ ಯಾವ ಗುಂಡಿಯನ್ನೂ ಒತ್ತಬಾರದು. ‘ಬೇಡ’ ಎಂಬ ಗುಂಡಿ, ಮೂಲೆಯಲ್ಲಿರುವ ಗುಣಾಕಾರದ ಚಿಹ್ನೆ ಇವೂ ಆ ಚಿತ್ರದ ಭಾಗವೇ ಆಗಿರಬಹುದು. ಫೋನಿನಲ್ಲಿ ಹೋಮ್ ಗುಂಡಿ ಒತ್ತಿ ಹೊರಬಂದು, ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಯಿಂದ ಬ್ರೌಸರನ್ನು ಸರಿಸಿ ಮುಚ್ಚಬೇಕು. ಕಂಪ್ಯೂಟರಿನಲ್ಲಿ ಪರದೆಯೆಲ್ಲ ತುಂಬಿಕೊಂಡು ಏನೂ ಮಾಡಲಾಗದಂತೆ ಕಂಡರೆ ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಆಗಲೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಕೊನೆಗೊಳಿಸಬೇಕು. ಮತ್ತೆ ತೆರೆದಾಗ ‘ಹಿಂದಿನ ಪುಟಗಳನ್ನು ತೆರೆಯಲೇ?’ ಎಂದು ಕೇಳಿದರೆ ಬೇಡವೆನ್ನಬೇಕು.

ಪುಟ ಕಂಡ ಮಾತ್ರಕ್ಕೆ ಸಾಮಾನ್ಯವಾಗಿ ಹಾನಿಯಾಗುವುದಿಲ್ಲ. ಕಡತ ಇಳಿದಿದ್ದರೂ, ಅದನ್ನು ತೆರೆದು ಸ್ಥಾಪಿಸದಿದ್ದರೆ ಅಳಿಸಿಹಾಕಿದರೆ ಸಾಕು.

ಅನಂತರ ನಿಜವಾಗಿಯೂ ಅಪ್‌ಡೇಟ್ ಇದೆಯೇ ಎಂದು ನಾವೇ ನೋಡಬೇಕು. ಫೋನಿನ ಮೂಲ ವ್ಯವಸ್ಥೆಗಾದರೆ ಸೆಟ್ಟಿಂಗ್ಸ್‌ನೊಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ವಿಭಾಗ. ವಾಟ್ಸ್ಆ್ಯಪ್, ಕ್ರೋಮ್, ಬ್ಯಾಂಕಿನ ಆ್ಯಪ್‌ಗಳಿಗಾದರೆ ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ನಮ್ಮ ಚಿತ್ರವನ್ನು ಒತ್ತಿ, ಆ್ಯಪ್‌ಗಳ ನಿರ್ವಹಣೆಯ ವಿಭಾಗ. ವಿಂಡೋಸ್ ಕಂಪ್ಯೂಟರಿಗಾದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್. ಕಂಪ್ಯೂಟರಿನ ಕ್ರೋಮ್‌ಗಾದರೆ ಮೂರು ಚುಕ್ಕೆಗಳ ಪಟ್ಟಿಯಲ್ಲಿ ಹೆಲ್ಪ್, ಅದರೊಳಗೆ ‘ಅಬೌಟ್ ಗೂಗಲ್ ಕ್ರೋಮ್’. ಹೆಸರುಗಳು ಫೋನಿನಿಂದ ಫೋನಿಗೆ ಸ್ವಲ್ಪ ಬದಲಾದಾವು. ದಾರಿ ಮಾತ್ರ ಒಂದೇ. ಅಲ್ಲಿ ಅಪ್‌ಡೇಟ್ ಇದ್ದರೆ ನಿಶ್ಚಿಂತೆಯಿಂದ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಪುಟ ಹೇಳಿದ್ದು ಸುಳ್ಳು.

ಹಳೆಯ ಲ್ಯಾಪ್‌ಟಾಪ್ ಇರುವವರಿಗೆ

ತಮಿಳುನಾಡು ಸರಕಾರವು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು 2011ರ ಸೆಪ್ಟೆಂಬರ್ 15ರಂದು ಆರಂಭಿಸಿತು. ಅಣ್ಣನಿಗೋ ಅಕ್ಕನಿಗೋ ಅಂದು ದೊರೆತ ಯಂತ್ರವನ್ನು ತಮ್ಮ ತಂಗಿಯರು ಇಂದಿಗೂ ಬಳಸುತ್ತಿರುವ ಮನೆಗಳಿವೆ. ಅಂತಹವರು ಎರಡು ದಿನಾಂಕಗಳನ್ನು ತಿಳಿದಿರಬೇಕು. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 10 ಬಳಸುವ ಮನೆಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ನವೀಕರಣಗಳನ್ನು ಮುಂದುವರಿಸಿಕೊಳ್ಳುವ ಅವಕಾಶವನ್ನು ಮೈಕ್ರೋಸಾಫ್ಟ್ ನೀಡಿದೆ. ಅದಕ್ಕೆ ಹೆಸರು ನೋಂದಾಯಿಸುವ ದಾರಿಯೂ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿಯೇ ಇದೆ. ‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಇಲ್ಲಿ ಒತ್ತಿ’ ಎಂದು ಯಾವುದೋ ಪುಟ ಹೇಳಿದರೆ, ಮೊದಲರ್ಧ ನಿಜವಿದ್ದರೂ ಉತ್ತರಾರ್ಧ ವಂಚನೆ. ಅರ್ಧ ಸತ್ಯವನ್ನು ಬೆರೆಸಿದಾಗಲೇ ಸುಳ್ಳು ಚೆನ್ನಾಗಿ ಮಾರಾಟವಾಗುವುದು. ಬೆಂಬಲ ಮುಗಿದ ಯಂತ್ರದಲ್ಲಿ ಪಾಠ ಓದಬಹುದು, ಟೈಪು ಮಾಡಬಹುದು. ಬ್ಯಾಂಕಿನ ವ್ಯವಹಾರ ಮಾತ್ರ ಬೇಡ.

ಒತ್ತಿ ಸ್ಥಾಪಿಸಿಬಿಟ್ಟಿದ್ದರೆ?

ಮೊದಲ ಒಂದು ಗಂಟೆ ಅಮೂಲ್ಯವಾದುದು. ಕೂಡಲೇ ಮೊಬೈಲ್ ಡೇಟಾ ಮತ್ತು ವೈಫೈ ಎರಡನ್ನೂ ಆರಿಸಬೇಕು. ಇಲ್ಲವೇ ಏರೋಪ್ಲೇನ್ ಮೋಡ್ ಹಾಕಬೇಕು. ಪರದೆಯ ಮೇಲೆ ಇರುವುದನ್ನು ಬೇರೆ ಫೋನಿನಿಂದ ಚಿತ್ರ ತೆಗೆದಿಟ್ಟುಕೊಂಡರೆ ದೂರಿಗೆ ಆಧಾರವಾಗುತ್ತದೆ. ಬೇರೆ ಫೋನಿನಿಂದಲೇ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡು ಮತ್ತು ಯುಪಿಐ ತಡೆಹಿಡಿಯುವಂತೆ ಹೇಳಬೇಕು. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಬೇಕೇ ಹೊರತು ಅಂತರ್ಜಾಲದಲ್ಲಿ ಹುಡುಕಬಾರದು. ಅಲ್ಲಿಯೂ ನಕಲಿ ಸಂಖ್ಯೆಗಳಿರುತ್ತವೆ.

ಹಣ ಹೋಗಿದ್ದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಕ್ಷಣ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರಿ ನಗದಾಗುವ ಮೊದಲೇ ತಡೆಯುವ ವ್ಯವಸ್ಥೆ ಅದಕ್ಕೆ ಜೋಡಿಸಲ್ಪಟ್ಟಿದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಕೇಂದ್ರ ಸರಕಾರದ ತಾಣದಲ್ಲಿಯೂ ದೂರು ದಾಖಲಿಸಬಹುದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ನಷ್ಟವಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ಬಳಿಕ ನಡೆಯುವ ಅನಧಿಕೃತ ವ್ಯವಹಾರದ ನಷ್ಟವನ್ನು ಬ್ಯಾಂಕು ಹೊರಬೇಕಾಗುತ್ತದೆ. ಆದುದರಿಂದ ತಿಳಿಸಿದ ಹೊತ್ತು ಮತ್ತು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಆಮೇಲೆ ಫೋನಿನ ಚಿಕಿತ್ಸೆ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಆ ಹೊಸ ಆ್ಯಪನ್ನು ಹುಡುಕಿ ಅಳಿಸಬೇಕು. ಅಳಿಸಲು ಬಿಡದಿದ್ದರೆ ಅದಕ್ಕೆ ಕೊಟ್ಟ ಆಕ್ಸೆಸಿಬಿಲಿಟಿ ಮತ್ತು ‘ಡಿವೈಸ್ ಅಡ್ಮಿನ್’ ಅನುಮತಿಗಳನ್ನು ಮೊದಲು ಹಿಂತೆಗೆದುಕೊಳ್ಳಬೇಕು. ಪ್ಲೇ ಸ್ಟೋರಿನ ‘ಪ್ಲೇ ಪ್ರೊಟೆಕ್ಟ್’ ತಪಾಸಣೆ ನಡೆಸಬೇಕು. ಆಗಲೂ ಸಂಶಯವಿದ್ದರೆ, ಫೋಟೊಗಳನ್ನು ಬೇರೆಡೆ ಉಳಿಸಿ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸುವುದು ಕ್ಷೇಮ. ಪಾಸ್‌ವರ್ಡು ಮತ್ತು ಪಿನ್‌ಗಳನ್ನು ಬೇರೆ ಸಾಧನದಿಂದ ಬದಲಾಯಿಸಬೇಕು. ಶಾಲೆಯ ವಾಟ್ಸ್ಆ್ಯಪ್ ಗುಂಪಿಗೂ ‘ನನ್ನ ಸಂಖ್ಯೆಯಿಂದ ಬಂದ ಕೊಂಡಿಯನ್ನು ತೆರೆಯಬೇಡಿ’ ಎಂದು ಬೇರೆಯವರ ಮೂಲಕ ತಿಳಿಸುವುದು ನೆರೆಹೊರೆಯವರಿಗೆ ಮಾಡುವ ಉಪಕಾರ. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಸೋಂಕು ನಿವಾರಿಸುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ.

ಗಡಿಯಲ್ಲಿರುವವರ ದೂರು

ನಮ್ಮಲ್ಲಿ ಹಲವರ ಬದುಕು ಗಡಿಯ ಎರಡೂ ಬದಿಗೆ ಹಂಚಿಹೋಗಿದೆ. ಮನೆ ಹೊಸೂರಿನಲ್ಲಿ, ಬ್ಯಾಂಕ್ ಖಾತೆ ಅತ್ತಿಬೆಲೆಯಲ್ಲಿ ಅಥವಾ ಬೆಂಗಳೂರಿನಲ್ಲಿ, ಸಿಮ್ ಕರ್ನಾಟಕದ್ದು. ‘ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರದ ಭಯದಿಂದ ದೂರು ಕೊಡುವುದನ್ನೇ ಮುಂದೂಡಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅದು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಕೊಡಬಹುದು. ನಮ್ಮವರಿಗೆ ಹತ್ತಿರದ ಠಾಣೆ ಇದೆ, ಕೃಷ್ಣಗಿರಿಯಲ್ಲಿ ಜಿಲ್ಲಾ ಸೈಬರ್ ಅಪರಾಧ ಪೊಲೀಸ್ ಠಾಣೆಯೂ ಇದೆ. 1930ಕ್ಕೆ ಕರೆ ಮಾಡಿದಾಗ ವಾಸಿಸುವ ರಾಜ್ಯ ಮತ್ತು ಜಿಲ್ಲೆಯನ್ನು ಮೊದಲಿಗೇ ಸ್ಪಷ್ಟವಾಗಿ ಹೇಳಬೇಕು.

ಭಾಷೆಯ ಸಂಕೋಚವೂ ಬೇಡ. ಸಂವಿಧಾನದ 350ನೆಯ ಅನುಚ್ಛೇದವು ಕುಂದುಕೊರತೆಯ ಮನವಿಯನ್ನು ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಆದರೆ ಮೊದಲ ಗಂಟೆಯಲ್ಲಿ ಹಕ್ಕಿನ ಚರ್ಚೆಗಿಂತ ವೇಗ ಮುಖ್ಯ. ಮನೆಯಲ್ಲಿ ಯಾರಿಗೆ ತಮಿಳು ಚೆನ್ನಾಗಿ ಬರುತ್ತದೆಯೋ ಅವರ ಕೈಗೆ ಫೋನ್ ಕೊಡಿ. ವಿವರವಾದ ಮನವಿಯನ್ನು ಆಮೇಲೆ ಕನ್ನಡದಲ್ಲಿ ಬರೆಯಬಹುದು.

ಮನೆಯಲ್ಲಿ, ಶಾಲೆಯಲ್ಲಿ

ಮಕ್ಕಳು ಅಲೆಯುವುದನ್ನು ಕಡಿಮೆ ಮಾಡುವುದು ಮೂಲದ ಪರಿಹಾರ. ಪಠ್ಯಪುಸ್ತಕಗಳಿಗಾಗಿ ತಮಿಳುನಾಡು ಪಠ್ಯಪುಸ್ತಕ ಮತ್ತು ಶೈಕ್ಷಣಿಕ ಸೇವೆಗಳ ನಿಗಮದ ಅಧಿಕೃತ ತಾಣವನ್ನೇ ಬಳಸಬೇಕು. ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಟಿಪ್ಪಣಿಗಳನ್ನೂ ಕನ್ನಡ ಮಾಧ್ಯಮದ ಶಿಕ್ಷಕರು ಒಂದೆಡೆ ಸಂಗ್ರಹಿಸಿ ಶಾಲೆಯ ಗುಂಪಿನಲ್ಲಿ ಇಟ್ಟರೆ, ಮಕ್ಕಳು ಅಪರಿಚಿತ ತಾಣಗಳ ಬಾಗಿಲು ಬಡಿಯಬೇಕಾಗುವುದಿಲ್ಲ. ಮಗು ಬಳಸುವ ಫೋನಿನಲ್ಲಿ ಯುಪಿಐ ದೈನಿಕ ಮಿತಿಯನ್ನು ಕಡಿಮೆ ಇಡುವುದು, ಹೆಚ್ಚು ಹಣವಿರುವ ಖಾತೆಯನ್ನು ಆ ಫೋನಿಗೆ ಜೋಡಿಸದಿರುವುದು ಕೂಡ ಒಳ್ಳೆಯ ಅಭ್ಯಾಸ.

ಎಲ್ಲಕ್ಕಿಂತ ಮುಖ್ಯವಾದುದು ಬೈಯದಿರುವುದು. ಏನೋ ಒತ್ತಿಬಿಟ್ಟೆನೆಂದು ಮಗುವಿಗೆ ಒಡನೆ ಗೊತ್ತಾಗುತ್ತದೆ. ಅಪ್ಪ ಹೊಡೆದಾರು, ಅಮ್ಮ ಫೋನ್ ಕಿತ್ತುಕೊಂಡಾರು ಎಂಬ ಭಯದಿಂದ ಅದು ರಾತ್ರಿಯಿಡೀ ಸುಮ್ಮನಿದ್ದರೆ, ಆ ರಾತ್ರಿ ವಂಚಕನ ಪಾಲಾಗುತ್ತದೆ. ‘ತಪ್ಪಾದರೆ ಮೊದಲು ನಮಗೆ ಹೇಳು, ಬೈಯುವುದಿಲ್ಲ’ ಎಂಬ ಮಾತನ್ನು ಇಂದೇ ಹೇಳಿಡಬೇಕು; ಹೇಳಿದಂತೆ ನಡೆದುಕೊಳ್ಳಲೂ ಬೇಕು.

ಇಂದು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆಟ್ಟಿಂಗ್ಸ್ ತೆರೆಯಿರಿ. ಅಪ್‌ಡೇಟ್ ಇರುವ ಜಾಗ ಯಾವುದೆಂದು ಇಬ್ಬರೂ ಸೇರಿ ಹುಡುಕಿರಿ. ಹತ್ತು ನಿಮಿಷದ ಕೆಲಸ. ಅಸಲಿಯ ಮನೆ ಎಲ್ಲಿದೆ ಎಂದು ಒಮ್ಮೆ ಕಣ್ಣಾರೆ ಕಂಡ ಮಗು, ಬೀದಿಯಲ್ಲಿ ಅದೇ ಹೆಸರು ಹೇಳಿಕೊಂಡು ಬರುವವನನ್ನು ತಾನಾಗಿಯೇ ಗುರುತಿಸುತ್ತದೆ.